ರಾತ್ರಿ ಆಟದ ಫೋಟೋ: ಲೆನ್ಸು, ಸೆಟ್ಟಿಂಗು, ಎಡಿಟಿಂಗು – ನನ್ನ ಅನುಭವ

ಯಕ್ಷಗಾನದ ಫೋಟೋ ನೋಡಿದವ್ರು ಮೊದ್ಲು ಕೇಳೋದೇ ಯಾವ ಕ್ಯಾಮರಾ ಅಂತ. ನಂದು ಹಳೇ ಕ್ರಾಪ್ ಸೆನ್ಸರ್ (ಅಂದ್ರೆ ಸಣ್ಣ ಸೆನ್ಸರಿನ) ಡಿಎಸ್‌ಎಲ್‌ಆರ್ ಮಾರಾಯ್ರೆ, ಅದ್ರಲ್ಲಿ ವಿಶೇಷ ಎಂತದ್ದೂ ಇಲ್ಲ. ಕೇಳ್ಬೇಕಾದ್ದು ಲೆನ್ಸು. ಕ್ಯಾಮರಾ ಜೊತೆ ಬರೋ 18-55 ಕಿಟ್ ಲೆನ್ಸು ಹಗಲಿಗೆ ಅಡ್ಡಿಲ್ಲ, ಆದ್ರೆ 55ಕ್ಕೆ ಝೂಮ್ ಮಾಡಿದ್ರೆ ಅಪರ್ಚರ್ (ಬೆಳಕು ಒಳಗೆ ಬರೋ ಕಿಂಡಿ, ನಂಬರ್ ಸಣ್ಣದಾದಷ್ಟು ಕಿಂಡಿ ದೊಡ್ಡದು) ಎಫ್/5.6ಕ್ಕಿಂತ ಹೆಚ್ಚು ತೆರೆಯೋದಿಲ್ಲ, ರಾತ್ರಿ ರಂಗಸ್ಥಳಕ್ಕೆ ಅದು ಸಾಲೋದೇ ಇಲ್ಲ. ನಾನು 50 ಎಂಎಂ ಎಫ್/1.8 ತಗೊಂಡೆ. ಕೆನಾನ್, ನಿಕಾನ್ ಎರಡರಲ್ಲೂ ಅಗ್ಗದ ಲೆನ್ಸುಗಳಲ್ಲಿ ಅದೂ ಒಂದು, ಆದ್ರೆ 5.6ಕ್ಕೆ ಹೋಲಿಸಿದ್ರೆ ಹೆಚ್ಚುಕಮ್ಮಿ ಹತ್ತು ಪಟ್ಟು ಬೆಳಕು ಒಳಗೆ ಬರ್ತದೆ. ಕ್ರಾಪ್ ಸೆನ್ಸರಲ್ಲಿ ಅದು 75-80ರ ಹಾಗೆ ಕಾಣೋದ್ರಿಂದ ಎದುರಿನ ಸಾಲಲ್ಲಿ ಸ್ವಲ್ಪ ಬದಿಗೆ ಕೂತ್ರೆ ಒಂದು ವೇಷ ಪೂರ್ತಿ ಸಿಗ್ತದೆ. ಝೂಮ್ ಇಲ್ಲ ಅಂತ ತಲೆಬಿಸಿ ಬೇಡ. ಕೂತಲ್ಲಿಂದ್ಲೇ ತೆಗೀರಿ, ಎದ್ದು ನಿಂತ್ರೆ ಹಿಂದೆ ಕೂತವ್ರು ಬೈತಾರೆ, ಕೆಳಗಿಂದ ತೆಗೆದ್ರೆ ಧಿಗಿಣವೂ (ಸುತ್ತಿ ಹಾರೋ ಕುಣಿತ) ಎತ್ತರ ಕಾಣ್ತದೆ.

ಫ್ಲಾಶ್ ಮಾತ್ರ ಹಾಕ್ಲೇಬೇಡಿ. ಕುಣೀತಿರೋವ್ರ ಕಣ್ಣಿಗೆ ಹೊಡೆಯೋದು ಒಂದು ಕಡೆ, ಇನ್ನೊಂದು ಏನಂದ್ರೆ ತೆಂಕುತಿಟ್ಟಿನ ಬಣ್ಣದ ವೇಷದ (ರಾಕ್ಷಸ ಪಾತ್ರದ) ಮುಖದ ಚುಟ್ಟಿ ಉಂಟಲ್ಲ, ಚೌಕಿಯಲ್ಲಿ (ವೇಷ ಕಟ್ಟೋ ಕೋಣೆ) ಕೂತು ಅಕ್ಕಿಹಿಟ್ಟು ಸುಣ್ಣದಲ್ಲಿ ಒಂದೊಂದೇ ಮುಳ್ಳು ಇಟ್ಟದ್ದು, ಅದರ ಉಬ್ಬು ಕಾಣೋದು ಬದಿಯಿಂದ ಬೆಳಕು ಬಿದ್ರೆ ಮಾತ್ರ. ಎದುರಿಂದ ಫ್ಲಾಶ್ ಬಿದ್ರೆ ಅಷ್ಟೂ ಕೆಲಸ ಚಪ್ಪಟೆ.

ಇನ್ನು ಸೆಟ್ಟಿಂಗು. ಆಟೋದಲ್ಲಿಟ್ರೆ ಹಿಂದಿನ ಕಪ್ಪು ಪರದೆ ನೋಡಿ ಕ್ಯಾಮರಾ ಕತ್ತಲೆ ಅಂದ್ಕೊಂಡು ಬೆಳಕು ಏರಿಸ್ತದೆ, ಮುಖ ಬೆಳ್ಳಗೆ ಸುಟ್ಟು ಹೋಗ್ತದೆ. ಹಾಗಾಗಿ ಮ್ಯಾನುಯಲ್. ಅಪರ್ಚರ್ 2 ಅಥವಾ 2.2. ಇಪ್ಪತ್ತಡಿ ದೂರದಿಂದ 1.8ರಲ್ಲಿ ತೆಗೆದ್ರೆ ಶಾರ್ಪ್ ಇರೋ ಜಾಗ ಸುಮಾರು ಒಂದು ಮೀಟರ್ ಅಷ್ಟೇ, ವೇಷ ಒಂದು ಹೆಜ್ಜೆ ಮುಂದೆ ಬಂದ್ರೂ ಹೋಯ್ತು, ಅದಕ್ಕೆ ಸ್ವಲ್ಪ ಮುಚ್ಚೋದು. ಶಟರ್ ನಾನು ಸನ್ನಿವೇಶ ನೋಡ್ಕೊಂಡು ಬದಲಿಸ್ತೇನೆ: ಅರ್ಥ (ಮಾತು) ಹೇಳ್ತಾ ನಿಂತಿದ್ರೆ 1/125 ಸೆಕೆಂಡು, ಕುಣಿತಕ್ಕೆ 1/250, ಧಿಗಿಣಕ್ಕೆ 1/500. ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 1600ರಿಂದ 3200, ಬೇಕಾದ್ರೆ 6400. ಗ್ರೇನ್ ಬಂದ್ರೆ ಬರ್ಲಿ, ಶೇಕ್ ಆದದ್ದನ್ನ ಎಡಿಟಿಂಗಲ್ಲಿ ಸರಿ ಮಾಡ್ಲಿಕ್ಕೆ ಆಗೋದಿಲ್ಲ.

ಹಾರಿದವ್ರು ಮೇಲೆ ತಲುಪಿದಾಗ ಒಂದು ಕ್ಷಣ ನಿಂತ ಹಾಗೆ ಆಗ್ತದಲ್ಲ, ಅಲ್ಲಿ ಒತ್ಬೇಕು, ಅದಕ್ಕೆ ಕಣ್ಣಿಗಿಂತ ಕಿವಿಯೇ ಒಳ್ಳೇದು. ಚೆಂಡೆ ಮುಕ್ತಾಯಕ್ಕೆ ಬರೋದು ಗೊತ್ತಾದ್ರೆ ಯಾವಾಗ ನಿಲ್ತಾರೆ ಅಂತ ಮೊದ್ಲೇ ತಿಳೀತದೆ. ಆಟ ನೋಡದವ್ರು ಎಷ್ಟು ದುಡ್ಡಿನ ಕ್ಯಾಮರಾ ತಂದ್ರೂ ಇಲ್ಲಿ ತಡ ಮಾಡ್ತಾರೆ.

ಫೋಕಸ್ ಒಂದೇ ಪಾಯಿಂಟಲ್ಲಿಟ್ಟು ಕಣ್ಣಿನ ಮೇಲೆ ಇಡಿ, ಕದಲೋದನ್ನ ಹಿಂಬಾಲಿಸೋ ಮೋಡ್ ಹಾಕಿ, ನಿಕಾನಲ್ಲಿ ಎಎಫ್-ಸಿ, ಕೆನಾನಲ್ಲಿ ಎಐ ಸರ್ವೋ. ಎಲ್ಲಾ ಪಾಯಿಂಟೂ ಆನ್ ಇಟ್ರೆ ಕಿರೀಟದ ಹೊಳಪಿಗೆ ಹೋಗಿ ಕೂತ್ಕೊಳ್ತದೆ.

ಈಗ ಎಲ್ಲಾ ಕಡೆ ಎಲ್‌ಇಡಿ ಬಂದು ಹೊಸ ಉಪದ್ರ ಶುರುವಾಗಿದೆ, ಫೋಟೋದಲ್ಲಿ ಅಡ್ಡಡ್ಡ ಪಟ್ಟಿ. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಎಲ್‌ಇಡಿ ಅದಕ್ಕೆ ಸರಿಯಾಗಿ ಸೆಕೆಂಡಿಗೆ 100 ಸಲ ಮಿನುಗ್ತದೆ, ಕಣ್ಣಿಗೆ ಕಾಣೋದಿಲ್ಲ, ಫಾಸ್ಟ್ ಶಟರಿಗೆ ಕಾಣ್ತದೆ. ಹಳೇ ಹ್ಯಾಲೋಜನಲ್ಲಿ ತಂತಿ ಬಿಸಿಯಾಗೇ ಇರೋದ್ರಿಂದ ಇದು ಇಷ್ಟಿರ್ಲಿಲ್ಲ. ಪಟ್ಟಿ ಕಂಡ್ರೆ ಶಟರ್ 1/100ಕ್ಕೆ ಇಳಿಸಿ ನೋಡಿ, ಕುಣಿತ ಬಿಟ್ಟು ನಿಂತ ಭಂಗಿ ತೆಗೀರಿ. ಮಿರರ್‌ಲೆಸ್‌ನವ್ರು ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಆಫ್ ಮಾಡಿ, ಅದ್ರಲ್ಲಿ ಪಟ್ಟಿ ಇನ್ನೂ ಜಾಸ್ತಿ.

ಎಲ್ಲವನ್ನೂ ರಾ ಫೈಲಲ್ಲೇ (ಕ್ಯಾಮರಾ ಸಂಸ್ಕರಿಸದ ಮೂಲ ಫೈಲು) ತೆಗೀರಿ, ಯಾಕಂದ್ರೆ ರಂಗಸ್ಥಳದ ಬೆಳಕು ಒಂದು ಬದಿ ಹಳದಿ ಒಂದು ಬದಿ ನೀಲಿ ಇರ್ತದೆ, ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗೇ ಕಾಣೋ ಹಾಗೆ ಬಣ್ಣ ಹೊಂದಿಸೋದು) ಮನೆಗೆ ಬಂದೇ ಸರಿ ಮಾಡ್ಬೇಕು. ಎಡಿಟಿಂಗಿಗೆ ನಾನು ಡಾರ್ಕ್‌ಟೇಬಲ್ ಸಾಫ್ಟ್‌ವೇರ್ ಬಳಸೋದು, ಫ್ರೀ ಉಂಟು. ದುಡ್ಡು ಕೊಡ್ತೀರಿ ಅಂದ್ರೆ ಲೈಟ್‌ರೂಮ್, 2023ರಲ್ಲಿ ಬಂದ ಅದರ ಎಐ ಡಿನಾಯ್ಸ್ (ಗ್ರೇನ್ ತೆಗೆಯೋದು) ನಿಜಕ್ಕೂ ಒಳ್ಳೇದು, 6400ರ ಫೋಟೋನೂ ಉಳಿಸ್ತದೆ. ಎಡಿಟಿಂಗಲ್ಲಿ ಹೆಚ್ಚು ಕೆಲಸ ಕೆಂಪಿಂದೇ. ವೇಷದ ಕೆಂಪು ಬಟ್ಟೆ ಎಲ್‌ಇಡಿ ಬೆಳಕಲ್ಲಿ ಬೇಗ ಉಬ್ಬಿ ನೆರಿಗೆಯೆಲ್ಲ ಮಾಯ ಆಗ್ತದೆ, ಹಾಗಾಗಿ ತೆಗೆಯುವಾಗ್ಲೇ ಹಿಸ್ಟೋಗ್ರಾಮಲ್ಲಿ (ಬೆಳಕಿನ ಹಂಚಿಕೆ ತೋರಿಸೋ ಗ್ರಾಫು) ಕೆಂಪನ್ನ ಪ್ರತ್ಯೇಕವಾಗಿ ನೋಡಿ ಸ್ವಲ್ಪ ಡಲ್ ತೆಗೀಬೇಕು, ಆಮೇಲೆ ಕೆಂಪಿನ ಸ್ಯಾಚುರೇಶನ್ ಮಾತ್ರ ಇಳಿಸ್ಬೇಕು. ಸ್ಯಾಚುರೇಶನ್ ಏರಿಸೋವ್ರನ್ನ ನೋಡಿದ್ರೆ ನಂಗೆ ಸಿಟ್ಟೇ ಬರೋದು, ಇಷ್ಟು ಬಣ್ಣ ಇರೋ ಕಲೆಗೆ ಇನ್ನೂ ಬಣ್ಣ ಎಂತಕ್ಕೆ? ಹಿಂದಿನ ಕಪ್ಪನ್ನೂ ಎತ್ಬೇಡಿ, ಗ್ರೇನ್ ಎಲ್ಲ ಅಲ್ಲೇ ಅಡಗಿರ್ತದೆ.

ಕ್ರಾಪ್ ಮಾಡುವಾಗ ಗೆಜ್ಜೆಕಾಲು ಕತ್ತರಿಸ್ಬೇಡಿ. ನಮಗೆ ಮುಖ ಚಂದ ಬಂದ್ರೆ ಸಾಕು ಅನಿಸ್ತದೆ, ವೇಷಧಾರಿಗಳು ಮೊದ್ಲು ನೋಡೋದು ಹೆಜ್ಜೆ ಸರಿ ಉಂಟಾ ಅಂತ. ಅವ್ರಿಗೆ ವಾಟ್ಸಾಪಲ್ಲಿ ಕಳ್ಸುವಾಗ ಫೋಟೋ ಅಂತ ಹಾಕದೆ ಡಾಕ್ಯುಮೆಂಟ್ ಅಂತ ಹಾಕಿ, ಇಲ್ದಿದ್ರೆ ಸೈಜ್ ಕುಗ್ಗಿ ಚುಟ್ಟಿಯ ಮುಳ್ಳೆಲ್ಲ ಹಿಟ್ಟಾಗಿ ಕಾಣ್ತದೆ.