ದೋಸೆ ಕಾವಲಿಯಲ್ಲೇ ಕೆಫೆ ರುಚಿಯ ಗ್ರಿಲ್ಡ್ ಚೀಸ್

ದೋಸೆ ಹುಯ್ದು ಪಳಗಿದ ಕೈಗಳೇ ಗ್ರಿಲ್ಡ್ ಚೀಸ್ ಸ್ಯಾಂಡ್‌ವಿಚ್ ಕೆಡಿಸುವುದು ಹೆಚ್ಚು. ಕಾವಲಿ ಚೆನ್ನಾಗಿ ಕಾಯಬೇಕು, ನೀರು ಚಿಮುಕಿಸಿದರೆ ಚುಂಯ್ ಅನ್ನಬೇಕು, ಆಮೇಲೆ ಹಿಟ್ಟು. ಇದು ದೋಸೆಯ ಲೆಕ್ಕ. ಅದೇ ಕಾವಿಗೆ ಬೆಣ್ಣೆ ಸವರಿದ ಬ್ರೆಡ್ ಇಟ್ಟರೆ ನಿಮಿಷದೊಳಗೆ ಹೊರಗೆ ಕರಕಲು. ಒಳಗಿನ ಚೀಸ್ ಮಾತ್ರ ಇಟ್ಟದ್ದು ಇಟ್ಟ ಹಾಗೇ. ನಾನು ನೋಡಿದ ಎಷ್ಟೋ ಅಡುಗೆಮನೆಗಳಲ್ಲಿ ಆಮದು ಚೀಸ್ ಇತ್ತು, ಸಣ್ಣ ಉರಿ ಇರಲಿಲ್ಲ. ಉರಿ ತಗ್ಗಿಸಿ ಹತ್ತು ನಿಮಿಷ ಒಲೆ ಮುಂದೆ ನಿಲ್ಲುವವರಿಗೆ ಕೆಫೆಯಲ್ಲಿ ಇನ್ನೂರು ಚಿಲ್ಲರೆಗೆ ಸಿಗುವ ಸ್ಯಾಂಡ್‌ವಿಚ್ ಮನೆಯಲ್ಲಿ ಸುಮಾರು 60 ರೂಪಾಯಿಗೆ ಆಗುತ್ತದೆ.

ಒಂದು ಸ್ಯಾಂಡ್‌ವಿಚ್‌ಗೆ ಎರಡು ಹೋಳು ಬ್ರೆಡ್, 30 ಗ್ರಾಂ ಮೊಝರೆಲ್ಲಾ, 25 ಗ್ರಾಂ ಪ್ರಾಸೆಸ್ಡ್ ಚೀಸ್ (ಒಂದು ಕ್ಯೂಬ್), ಎರಡು ಟೀ ಚಮಚ ಬೆಣ್ಣೆ, ಒಂದು ದೊಡ್ಡ ಈರುಳ್ಳಿ, ಒರಟಾಗಿ ಕುಟ್ಟಿದ ಕಾಳುಮೆಣಸು ಸಾಕು.

ಹಂತ 1: ಬ್ರೆಡ್

ಬೇಕರಿಯಲ್ಲಿ ಕತ್ತರಿಸದ ಸಾದಾ ಬ್ರೆಡ್ ಕೇಳಿ, ಮನೆಯಲ್ಲಿ ಕಿರುಬೆರಳು ದಪ್ಪಕ್ಕೆ ಹೋಳು ಮಾಡಿ. ಹಿಂದಿನ ದಿನದ್ದಾದರೆ ಇನ್ನೂ ಒಳ್ಳೆಯದು, ಬೇಗ ಗರಿಗರಿಯಾಗುತ್ತದೆ. ಮಿಲ್ಕ್ ಬ್ರೆಡ್, ಸ್ವೀಟ್ ಬ್ರೆಡ್ ಬೇಡ. ಅದರಲ್ಲಿರುವ ಸಕ್ಕರೆ ಚೀಸ್ ಕರಗುವ ಮೊದಲೇ ಕಪ್ಪಾಗಿ ಕೂರುತ್ತದೆ. ಬ್ರೌನ್ ಬ್ರೆಡ್ ಆರೋಗ್ಯಕ್ಕೆ ಒಳ್ಳೆಯದೆಂದು ಕೊಳ್ಳುವವರು ಕವರ್ ತಿರುಗಿಸಿ ಓದಿ. ಎಷ್ಟೋ ಸಲ ಒಳಗಿರುವುದು ಮೈದಾ, ಬಣ್ಣ ಕ್ಯಾರಮೆಲ್‌ನದು.

ಹಂತ 2: ಈರುಳ್ಳಿ

ತೆಳುವಾಗಿ ಉದ್ದಕ್ಕೆ ಹೆಚ್ಚಿ, ಚಿಟಿಕೆ ಉಪ್ಪು, ಸ್ವಲ್ಪ ಎಣ್ಣೆ ಹಾಕಿ ಸಣ್ಣ ಉರಿಯಲ್ಲಿ ಅರ್ಧ ಗಂಟೆ ಬಾಡಿಸಿ. ತಳ ಹಿಡಿದರೆ ಒಂದು ಚಮಚ ನೀರು ಚಿಮುಕಿಸಿ ಕೆರೆಯಿರಿ. ಬೇಗ ಕೆಂಪಗಾಗಲಿ ಎಂದು ಸಕ್ಕರೆ ಸುರಿಯುವ ಅಡ್ಡದಾರಿ ಇದೆ. ಬಣ್ಣವೇನೋ ಬರುತ್ತದೆ, ತಿಂದರೆ ಹಸಿ ಈರುಳ್ಳಿಗೆ ಪಾಕ ಹಚ್ಚಿದ ಹಾಗಿರುತ್ತದೆ. ಸಾಧಾರಣ ಸ್ಯಾಂಡ್‌ವಿಚ್‌ಗೆ ಕೆಫೆ ರುಚಿ ಕೊಡುವುದು ಇದೇ ಈರುಳ್ಳಿ, ಆದ್ದರಿಂದ ಒಂದೇ ಸಲಕ್ಕೆ ನಾಲ್ಕೈದು ಈರುಳ್ಳಿ ಬಾಡಿಸಿ ಫ್ರಿಜ್‌ನಲ್ಲಿಡಿ. ಮೂರ್ನಾಲ್ಕು ದಿನ ಬರುತ್ತದೆ.

ಹಂತ 3: ಚೀಸ್

ಮೊಝರೆಲ್ಲಾ ನೂಲಿನಂತೆ ಎಳೆಯುತ್ತದೆ, ರುಚಿ ಸಪ್ಪೆ. ಪ್ರಾಸೆಸ್ಡ್ ಚೀಸ್‌ನಲ್ಲಿ ಉಪ್ಪು, ಹುಳಿ ಇವೆ, ಜಿಡ್ಡು ಬಿಡದೆ ನುಣ್ಣಗೆ ಕರಗುತ್ತದೆ. ಎರಡನ್ನೂ ಬೆರೆಸಿದರೆ ಒಂದರ ಕೊರತೆ ಇನ್ನೊಂದು ತುಂಬುತ್ತದೆ. ‘ಪ್ರಾಸೆಸ್ಡ್’ ಎಂದೊಡನೆ ಮೂಗು ಮುರಿಯುವವರಿಗೆ ಒಂದು ಮಾತು: 1911ರಲ್ಲಿ ಸ್ವಿಟ್ಜರ್ಲೆಂಡ್‌ನ ವಾಲ್ಟರ್ ಗರ್ಬರ್ ಮತ್ತು ಫ್ರಿಟ್ಜ್ ಸ್ಟೆಟ್ಲರ್ ಸೋಡಿಯಂ ಸಿಟ್ರೇಟ್ ಸೇರಿಸಿ ಇದನ್ನು ಮಾಡಿದರು. ಕೊಬ್ಬು ಮತ್ತು ನೀರು ಬೇರೆಯಾಗದಂತೆ ಹಿಡಿದಿಡುವುದು ಆ ಲವಣವೇ. ದುಬಾರಿ ಚೆಡ್ಡಾರ್ ಒಂದನ್ನೇ ಹಾಕಿ ಕಾವು ಹೆಚ್ಚು ಕೊಟ್ಟರೆ ಎಣ್ಣೆ ಒಂದು ಕಡೆ, ಗಟ್ಟಿ ಒಂದು ಕಡೆ ಆಗುತ್ತದೆ.

ಕೊಳ್ಳುವಾಗ ಲೇಬಲ್ ನೋಡಿ. ‘ಅನಲಾಗ್’ ಎಂದೋ, ಪದಾರ್ಥಗಳ ಪಟ್ಟಿಯಲ್ಲಿ ತಾಳೆ ಎಣ್ಣೆ ಎಂದೋ ಇದ್ದರೆ ಅದು ಹಾಲಿನ ಚೀಸ್ ಅಲ್ಲ. ಬೆಲೆ ಕಡಿಮೆ, ಬಾಯಿಗೆ ಮೇಣ ಮೆತ್ತಿಕೊಳ್ಳುತ್ತದೆ. ತುರಿದು ಪ್ಯಾಕ್ ಮಾಡಿದ್ದೂ ಬೇಡ. ಅಂಟದಿರಲು ಪಿಷ್ಟವನ್ನೋ ಸೆಲ್ಯುಲೋಸನ್ನೋ ಸವರಿರುತ್ತಾರೆ, ಕರಗಿದಾಗ ತರಿತರಿ. ಗಡ್ಡೆ ತಂದು ಕ್ಯಾರೆಟ್ ತುರಿಯುವ ಮಣೆಯಲ್ಲಿ ನೀವೇ ತುರಿಯಿರಿ. ಪನೀರ್ ಎಷ್ಟು ಕಾಯಿಸಿದರೂ ಕರಗುವುದಿಲ್ಲ, ಅದನ್ನು ಪಲ್ಯಕ್ಕೆ ಬಿಡಿ.

ಹಂತ 4: ಜೋಡಣೆ

ಅರ್ಧ ಚೀಸ್, ಅದರ ಮೇಲೆ ಈರುಳ್ಳಿ, ಮೆಣಸು, ಮತ್ತೆ ಉಳಿದ ಚೀಸ್. ಟೊಮೆಟೊ, ಸೌತೆಕಾಯಿ, ಕೆಚಪ್ ಒಳಗೆ ಬೇಡವೇ ಬೇಡ, ನೀರು ಬಿಟ್ಟು ಬ್ರೆಡ್ ಮೆತ್ತಗಾಗುತ್ತದೆ.

ಹಂತ 5: ಕಾವಲಿ

ಕೆಡುವುದು ಇಲ್ಲೇ. ಬೆಣ್ಣೆಯನ್ನು ಕಾವಲಿಗೆ ಹಾಕಬೇಡಿ, ಬ್ರೆಡ್ಡಿನ ಹೊರಮೈಗೆ ಹಚ್ಚಿ, ನಾಲ್ಕೂ ಅಂಚಿನವರೆಗೆ. ಹಚ್ಚದೆ ಬಿಟ್ಟ ಮೂಲೆ ಬಿಳಿಯಾಗಿಯೇ ಉಳಿಯುತ್ತದೆ. ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ ಮಜ್ಜಿಗೆ ಉಳಿದು ಸಿಡಿಯುತ್ತದೆ, ಅದಕ್ಕೆ ಅಂಗಡಿಯ ಉಪ್ಪಿಲ್ಲದ ಬೆಣ್ಣೆ ವಾಸಿ. ಉಪ್ಪು ಚೀಸ್‌ನಲ್ಲೇ ಬೇಕಾದಷ್ಟಿದೆ.

ಕಬ್ಬಿಣದ ಕಾವಲಿ ತಣ್ಣಗಿರುವಾಗಲೇ ಸ್ಯಾಂಡ್‌ವಿಚ್ ಇಟ್ಟು, ಆಮೇಲೆ ಒಲೆ ಹಚ್ಚಿ. ಸಣ್ಣ ಬರ್ನರ್, ಸಿಮ್. ಬೆಣ್ಣೆಯಲ್ಲಿರುವ ಹಾಲಿನ ಅಂಶ 150 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬೇಗ ಸೀಯುತ್ತದೆ. ಚೀಸ್‌ಗೆ ಬೇಕಾದದ್ದು 60 ಡಿಗ್ರಿ ಆಸುಪಾಸು, ಆದರೆ ಬ್ರೆಡ್ ತುಂಬ ಗಾಳಿ, ಕಾವು ಅದನ್ನು ದಾಟಿ ಒಳಗೆ ಹೋಗುವುದು ನಿಧಾನ. ಉರಿ ಹೆಚ್ಚಿಸಿದರೆ ಸುಡುವುದು ಹೊರಮೈ ಮಾತ್ರ. ಮೂರನೇ ನಿಮಿಷದ ಹೊತ್ತಿಗೆ ಅಂಚಿನಲ್ಲಿ ಸಣ್ಣ ಗುಳ್ಳೆ ಕಾಣಬೇಕು, ಸದ್ದು ಪಿಸುಗುಡುವಷ್ಟಿರಬೇಕು. ಚಟಪಟ ಅಂದರೆ ಕಾವಲಿಯನ್ನೇ ಒಲೆಯಿಂದ ಎತ್ತಿ ಅರ್ಧ ನಿಮಿಷ ಹಿಡಿಯಿರಿ. ಉರಿ ತಗ್ಗಿಸಿದರೂ ಕಬ್ಬಿಣ ಬೇಗ ಆರುವುದಿಲ್ಲ.

ಮೊದಲ ಎರಡು ನಿಮಿಷ ಮೇಲೆ ಮುಚ್ಚಳ ಮುಚ್ಚಿ. ಆಮೇಲೆ ತೆಗೆಯಲೇಬೇಕು, ಇಲ್ಲದಿದ್ದರೆ ಆವಿಗೆ ಬ್ರೆಡ್ ಇಡ್ಲಿಯಾಗುತ್ತದೆ. ಮಗುಚುವ ಕೈಯಿಂದ ಒಂದು ಮೂಲೆ ಎತ್ತಿ ನೋಡಿ: ಹೊಂಬಣ್ಣ ಬಂದು, ಕೆಳಗಿನ ಚೀಸ್ ಬ್ರೆಡ್ಡಿಗೆ ಅಂಟಿದ್ದರೆ ಮಗುಚಿ. ಅಂಟದೆ ಮಗುಚಿದರೆ ಈರುಳ್ಳಿಯೆಲ್ಲ ಕಾವಲಿ ಪಾಲು. ಒತ್ತಬೇಡಿ ಎಂದು ಎಷ್ಟು ಹೇಳಿದರೂ ಜನ ಒತ್ತುತ್ತಾರೆ. ಒತ್ತಲೇಬೇಕಾದರೆ ಎರಡನೇ ಮಗ್ಗುಲಲ್ಲಿ, ಚೀಸ್ ಕರಗಿದ ಮೇಲೆ, ಒಂದು ಸಲ, ಹಗುರವಾಗಿ. ಎರಡನೇ ಮಗ್ಗುಲಿಗೆ ಎರಡು–ಮೂರು ನಿಮಿಷ ಸಾಕು. ಒಲೆಯ ಮೇಲೆ ಹಿಡಿದು ಸುಡುವ ಮುಚ್ಚಿದ ಟೋಸ್ಟರ್ ಇದಕ್ಕೆ ಒಗ್ಗುವುದಿಲ್ಲ, ಅದರಲ್ಲಿ ಎಲ್ಲ ಹಪ್ಪಳದಂತೆ ಚಪ್ಪಟೆ.

ತೆಗೆದ ಕೂಡಲೇ ತಟ್ಟೆಗೆ ಹಾಕಿದರೆ ತಳ ಬೆವರುತ್ತದೆ. ಜಾಲರಿಯ ಮೇಲೆ ಒಂದು ನಿಮಿಷ ಆರಿಸಿ, ಆಮೇಲೆ ಕತ್ತರಿಸಿ.

ಉಳಿದ ಮೊಝರೆಲ್ಲಾ ತುರಿದು ಡಬ್ಬಿಯಲ್ಲಿ ಫ್ರೀಜರ್‌ಗೆ ಹಾಕಬಹುದು. ಪ್ರಾಸೆಸ್ಡ್ ಚೀಸನ್ನು ಮಾತ್ರ ಕೆಳಗಿನ ಅರೆಯಲ್ಲೇ ಇಡಿ, ಫ್ರೀಜರ್‌ನಲ್ಲಿ ಅದು ಪುಡಿಪುಡಿಯಾಗುತ್ತದೆ.