ನಾಲ್ಕು ಕಂಟ್ರೋಲರ್, ಎರಡು ಅಡಾಪ್ಟರ್, ಒಂದೂ ವೈರ್ ಇಲ್ಲ: ನನ್ನ ಅನುಭವ

ಒಂದೇ ಕಂಪ್ಯೂಟರ್‌ಗೆ ನಾಲ್ಕು ಗೇಮ್ ಕಂಟ್ರೋಲರ್, ನಾಲ್ಕೂ ವೈರ್‌ಲೆಸ್. ಆಗೋದಿಲ್ಲ, ಸುಮ್ನೆ ವೈರ್ ಹಾಕ್ಕೋ ಅಂತ ಹೇಳದ ಗೆಳೆಯನಿಲ್ಲ. ಈಗ ಏಳೆಂಟು ತಿಂಗಳಾಯಿತು. ಎರಡು ಎಕ್ಸ್‌ಬಾಕ್ಸ್ ಕಂಟ್ರೋಲರ್, ಎರಡು ಡ್ಯುಯಲ್‌ಶಾಕ್ 4 (ಪ್ಲೇಸ್ಟೇಷನ್ 4ರ ಕಂಟ್ರೋಲರ್), ಎಲ್ಲ ಒಟ್ಟಿಗೆ ಓಡುತ್ತಿವೆ. ಮೊನ್ನೆ ಮೂರು ಗಂಟೆ ಒಂದೇ ಸಮನೆ ಆಡಿದೆವು, ಒಮ್ಮೆಯೂ ಸಂಪರ್ಕ ಕಡಿಯಲಿಲ್ಲ. ಆಡಿದವರು ವೈರ್ ಹಾಕ್ಕೋ ಅಂದವರೇ.

ಇಲ್ಲಿಗೆ ಬರುವಷ್ಟರಲ್ಲಿ ದುಡ್ಡು ಚೆನ್ನಾಗಿಯೇ ಹೋಯಿತು. ಅಗ್ಗದ ಬ್ಲೂಟೂತ್ ಡಾಂಗಲ್, ಅಂದರೆ ಯುಎಸ್‌ಬಿಗೆ ಚುಚ್ಚುವ ಪುಟ್ಟ ಅಡಾಪ್ಟರ್, ಮೂರು ಕೊಂಡೆ. ಅವುಗಳಿಗೆ ಸುರಿದದ್ದಕ್ಕೆ ಇನ್ನೊಂಚೂರು ಸೇರಿಸಿದ್ದರೆ ಮೊದಲ ದಿನವೇ ಒಳ್ಳೆಯ ಅಡಾಪ್ಟರ್ ಬರುತ್ತಿತ್ತು. ಮೊದಲನೆಯದರ ಡಬ್ಬಿ ಮೇಲೆ 5.0 ಅಂತ ದಪ್ಪಕ್ಷರದಲ್ಲಿತ್ತು. ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಅದರ ಅಡ್ವಾನ್ಸ್ಡ್ ಟ್ಯಾಬ್ ತೆಗೆದರೆ ಎಲ್‌ಎಂಪಿ 6 ಅಂತ ತೋರಿಸಿತು. ಬ್ಲೂಟೂತ್ ಯಾವ ಆವೃತ್ತಿಯದು ಅಂತ ಹೇಳುವ ನಂಬರ್ ಅದು. ಅಂದರೆ ಬ್ಲೂಟೂತ್ 4.0. ನಿಜವಾದ 5.0 ಆಗಿದ್ದರೆ ಅಲ್ಲಿ 9 ಇರಬೇಕಿತ್ತು. ಡಾಂಗಲ್ ಕೈಗೆ ಬಂದ ದಿನವೇ ಈ ನಂಬರ್ ನೋಡಿಬಿಡಿ, ವಾಪಸ್ ಮಾಡೋ ಗಡುವು ಮುಗಿಯೋ ಮೊದಲು. ನಾನು ನೋಡಿದ್ದು ಮುಗಿದ ಮೇಲೆ.

ಎರಡನೆಯದರಲ್ಲಿ 9 ಇತ್ತು. ಆದರೂ ಕೆಲಸ ಮಾಡಲಿಲ್ಲ. ಎರಡು ದಿನ ಡ್ರೈವರ್ ತೆಗೆದು ಹಾಕಿ, ತೆಗೆದು ಹಾಕಿ ಸಾಕಾಯಿತು. ಕೊನೆಗೆ ನೋಡಿದರೆ ಮದರ್‌ಬೋರ್ಡ್‌ನ ಬ್ಲೂಟೂತ್ ಆನ್ ಇತ್ತು. ವಿಂಡೋಸ್ ಒಂದು ಹೊತ್ತಿಗೆ ಒಂದೇ ಬ್ಲೂಟೂತ್ ಅಡಾಪ್ಟರ್ ನಡೆಸುತ್ತದೆ. ಒಳಗಿನದನ್ನು ಡಿಸೇಬಲ್ ಮಾಡಿದೆ, ಡ್ಯುಯಲ್‌ಶಾಕ್ ಸೇರಿಕೊಂಡಿತು.

ಆಮೇಲೆ ಶುರುವಾಯಿತು ನಿಜವಾದ ಕಾಟ. ಓಡುತ್ತಿರುವ ಆಟಗಾರ, ನಾನು ಹೆಬ್ಬೆರಳು ಎತ್ತಿದ ಮೇಲೂ ಬಲಕ್ಕೆ ಓಡುತ್ತಲೇ ಇದ್ದ. ಅಂಚು ದಾಟಿ ಗುಂಡಿಗೆ ಬೀಳುತ್ತಿದ್ದ. ಬಿದ್ದ ಮೇಲೆ ಸ್ಟಿಕ್ ಸರಿಹೋಗುತ್ತಿತ್ತು. ಇದು ಡ್ರಿಫ್ಟ್, ಅಂದರೆ ಸವೆದ ಸ್ಟಿಕ್ ಮುಟ್ಟದೆಯೂ ಒಂದು ಕಡೆ ಎಳೆಯುವ ತೊಂದರೆ, ಅಂದುಕೊಂಡು ಕಂಟ್ರೋಲರ್ ಬಿಚ್ಚಿದೆ, ಹೊಸ ಅನಲಾಗ್ ಸ್ಟಿಕ್ ತರಿಸಿ ಬೆಸುಗೆ ಹಾಕಿದೆ. ಆ ಖರ್ಚೂ ನೀರಲ್ಲಿ ಹೋಮ. ಬೀಳೋದು ನಿಲ್ಲಲಿಲ್ಲ. ಮೂರನೆಯ ಡಾಂಗಲ್ ಕೊಂಡದ್ದು ಈ ಸಿಟ್ಟಿನಲ್ಲೇ. ಅದರದೂ ಅದೇ ಕತೆ.

ಒಂದು ರಾತ್ರಿ ಹೊರಗಿನ ಹಾರ್ಡ್ ಡಿಸ್ಕ್‌ಗೆ ಫೈಲ್ ಕಾಪಿ ಹಾಕಿ ಆಡುತ್ತಾ ಕೂತಿದ್ದೆ. ಐದು ನಿಮಿಷಕ್ಕೆ ಹತ್ತು ಸಲ ಬಿದ್ದಿರಬೇಕು. ಕಾಪಿ ಮುಗಿಯಿತು, ಬೀಳೋದೂ ನಿಂತಿತು. ಆಗ ಹೊಳೆಯಿತು. ಯುಎಸ್‌ಬಿ 3.0 ಪೋರ್ಟು, ಕೇಬಲ್ಲು ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಸುತ್ತಮುತ್ತ ರೇಡಿಯೋ ಗದ್ದಲ ಎಬ್ಬಿಸುತ್ತವೆ. ಬ್ಲೂಟೂತ್ ಮಾತಾಡುವುದೂ ಅಲ್ಲೇ. ಇಂಟೆಲ್‌ನವರೇ 2012ರಲ್ಲಿ ಇದರ ಬಗ್ಗೆ ಬರೆದಿದ್ದಾರೆ. ನನ್ನ ಡಾಂಗಲ್ ಆ ಹಾರ್ಡ್ ಡಿಸ್ಕ್ ಕೇಬಲ್‌ಗೆ ಅಂಟಿಕೊಂಡೇ ಇತ್ತು, ಅದೂ ಲೋಹದ ಕ್ಯಾಬಿನೆಟ್ಟಿನ ಹಿಂದೆ. 'ಸ್ಟಿಕ್ ಬಿಟ್ಟೆ' ಅನ್ನುವ ಸುದ್ದಿ ದಾರಿಯಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಅದು ಬಂದು ಮುಟ್ಟುವ ತನಕ ಆಟ ಹಳೆಯ ಸುದ್ದಿಯನ್ನೇ ನಂಬಿ ಓಡುತ್ತದೆ, ಅಲ್ವಾ?

ಯುಎಸ್‌ಬಿ 2.0 ಪೋರ್ಟಿಗೆ ಒಂದೂವರೆ ಮೀಟರ್ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ, ಡಾಂಗಲ್ಲನ್ನು ಮಾನಿಟರ್ ಕೆಳಗೆ ಟೇಪ್ ಹಚ್ಚಿ ಕೂರಿಸಿದೆ. ಕೆಟ್ಟದು ಅಂತ ಡ್ರಾಯರ್‌ಗೆ ಎಸೆದಿದ್ದ ಎರಡನೆಯ ಡಾಂಗಲ್ಲೇ ಅದು. ಇವತ್ತಿಗೂ ಎರಡು ಡ್ಯುಯಲ್‌ಶಾಕ್ ಅದರ ಮೇಲೇ ನಡೆಯುತ್ತಿವೆ. ಇಡೀ ಸಾಹಸದಲ್ಲಿ ಎಲ್ಲಕ್ಕಿಂತ ಅಗ್ಗದ ವಸ್ತು ಆ ಕೇಬಲ್.

ಎಕ್ಸ್‌ಬಾಕ್ಸ್ ಕಡೆ ಬೇರೆ ಲೆಕ್ಕ. ನನ್ನ ಒಂದು ಕಂಟ್ರೋಲರ್ ಹಳೆಯದು, ಅದರಲ್ಲಿ ಬ್ಲೂಟೂತ್ ಇಲ್ಲವೇ ಇಲ್ಲ. ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ ಎಕ್ಸ್‌ಬಾಕ್ಸ್ ಬಟನ್ ಸುತ್ತಲಿನ ಪ್ಲಾಸ್ಟಿಕ್ ನೋಡಿ. ಅದು ಮುಂದಿನ ಮುಖದ ಜೊತೆ ಒಂದೇ ತುಂಡಾಗಿದ್ದರೆ ಬ್ಲೂಟೂತ್ ಇದೆ, ಮೇಲಂಚಿನ ಬಂಪರ್‌ಗಳ (ತೋರುಬೆರಳಿನಿಂದ ಒತ್ತುವ ಬಟನ್‌ಗಳ) ಜೊತೆ ಸೇರಿದ್ದರೆ ಇಲ್ಲ. ಹಾಗಾಗಿ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ವೈರ್‌ಲೆಸ್ ಅಡಾಪ್ಟರ್ ತಗೊಂಡೆ, 2017ರಲ್ಲಿ ಬಂದ ಚಿಕ್ಕದು. ಬೆಲೆ ಕೇಳಿ ಮನಸ್ಸು ಹಿಂಜರಿದಿತ್ತು. ಈಗ ಅನ್ನಿಸುತ್ತೆ, ಕೊಟ್ಟ ದುಡ್ಡಿಗೆ ಮೋಸವಿಲ್ಲ. ಎಂಟು ಕಂಟ್ರೋಲರ್ ತನಕ ಹಿಡಿಯುತ್ತದೆ, ಬ್ಲೂಟೂತ್ ತಂಟೆಗೆ ಹೋಗುವುದಿಲ್ಲ, ಕಂಟ್ರೋಲರ್‌ಗೇ ಹೆಡ್‌ಸೆಟ್ ಚುಚ್ಚಿದರೆ ಶಬ್ದ ಬರುತ್ತದೆ. ಬ್ಲೂಟೂತ್‌ನಲ್ಲಿ ಆ ಶಬ್ದ ಸಿಗುವುದಿಲ್ಲ. ಸ್ವಲ್ಪ ಬಿಸಿಯಾಗುತ್ತದೆ, ಅದಕ್ಕೂ ಬೇರೆ ಎಕ್ಸ್‌ಟೆನ್ಷನ್ ಕೊಟ್ಟಿದ್ದೇನೆ.

ನಡುವೆ ಒಂದು ಹುಚ್ಚು ಪ್ರಯೋಗವೂ ಆಯಿತು. ಫೋನಿನ ಸೆಕೆಂಡಿಗೆ 240 ಫ್ರೇಮ್ ಸ್ಲೋ ಮೋಷನ್‌ನಲ್ಲಿ ಬಟನ್ನು, ಸ್ಕ್ರೀನು ಎರಡನ್ನೂ ಹಿಡಿದು, ಒತ್ತಿದ ಮೇಲೆ ಸ್ಕ್ರೀನ್ ಅಲುಗಾಡಲು ಎಷ್ಟು ಫ್ರೇಮ್ ಆಯಿತು ಅಂತ ಎಣಿಸಿದೆ. ಒಂದು ಫ್ರೇಮ್ ಅಂದರೆ ನಾಲ್ಕು ಮಿಲಿಸೆಕೆಂಡ್ ಚಿಲ್ಲರೆ. ನೆನಪಿನಲ್ಲಿರುವ ಲೆಕ್ಕ: ವೈರ್‌ನಲ್ಲಿ ಹನ್ನೆರಡು ಫ್ರೇಮ್, ಎಕ್ಸ್‌ಬಾಕ್ಸ್ ಅಡಾಪ್ಟರ್‌ನಲ್ಲಿ ಹದಿಮೂರು, ಟೇಪ್ ಹಚ್ಚಿದ ಡಾಂಗಲ್‌ನಲ್ಲಿ ಹದಿಮೂರು ಹದಿನಾಲ್ಕು. ಕ್ಯಾಬಿನೆಟ್ ಹಿಂದೆ ಇಟ್ಟು ಕಾಪಿ ಹಾಕಿದರೆ ಮೂವತ್ತೂ ದಾಟಿತು. ಮೈಕ್ರೋವೇವ್ ಓವನ್ ಪಕ್ಕದಲ್ಲಿ ಆನ್ ಮಾಡಿಯೂ ನೋಡಿದೆ, ಅದೂ 2.4ರ ಗಿರಾಕಿಯೇ. ಡ್ಯುಯಲ್‌ಶಾಕ್ ತಡವರಿಸಿತು, ಆದರೆ ಕಡಿಯಲಿಲ್ಲ.

ಡ್ಯುಯಲ್‌ಶಾಕನ್ನು ಆಟಗಳಿಗೆ ಎಕ್ಸ್‌ಬಾಕ್ಸ್ ಕಂಟ್ರೋಲರ್ ಅಂತ ತೋರಿಸುವುದು ಡಿಎಸ್4ವಿಂಡೋಸ್ ಅನ್ನುವ ಸಾಫ್ಟ್‌ವೇರ್, ಅದರ ಸೆಟ್ಟಿಂಗ್ ಇಲ್ಲಿ ಬೇಡ. ಯುಎಸ್‌ಬಿ ಹಬ್‌ಗಳ ಪವರ್ ಸೇವಿಂಗ್ ಟಿಕ್ ಮಾತ್ರ ಮರೆಯದೆ ತೆಗೆಯಿರಿ. ಕಂಪ್ಯೂಟರ್ ಮತ್ತೆ ಆನ್ ಮಾಡಿದಾಗ ಆಟಗಾರರ ನಂಬರ್ ಅದಲುಬದಲಾಗದಂತೆ ಒಂದು ದಾರಿ ಕಂಡುಕೊಂಡಿದ್ದೇನೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಈಗ ಐದನೆಯ ಕಂಟ್ರೋಲರ್ ಹಿಂದೆ ಬಿದ್ದಿದ್ದೇನೆ. ಆಟಗಳು ಕಂಟ್ರೋಲರ್ ಓದಲು ಬಳಸುವ ವಿಂಡೋಸ್‌ನ ಎಕ್ಸ್‌ಇನ್‌ಪುಟ್ ನಾಲ್ಕಕ್ಕೇ ನಿಲ್ಲುತ್ತದೆ, ಆಗೋದಿಲ್ಲ ಅಂತ ಗೆಳೆಯರು ಆಗಲೇ ಶುರು ಮಾಡಿದ್ದಾರೆ.