ಹಳೇ ಜಿಪ್ಸಿಗೆ ಎಸ್ಟೀಮ್ ಇಂಜಿನ್ ಕೂರಿಸಿದ್ದು

ಮಾರುತಿ ಎಸ್ಟೀಮ್ ಕಾರಿನ ಇಂಜಿನ್ ಹಾಕಿದ ಮೇಲೆ ನನ್ನ ಹಳೇ ಮಾರುತಿ ಜಿಪ್ಸಿ ಹನ್ನೊಂದು ಸಾವಿರ ಕಿಲೋಮೀಟರ್ ದಾಟಿತು. ನಡುವೆ ಒಂದೆರಡು ತಿಂಗಳು ಮೀಟರ್ ಕೆಟ್ಟಿತ್ತು, ಅದು ಲೆಕ್ಕಕ್ಕಿಲ್ಲ. "ಆರು ತಿಂಗಳು ಓಡಿದ್ರೆ ಮೀಸೆ ಬೋಳಿಸ್ತೀನಿ ನೋಡು" ಎಂದಿದ್ದ ಮೆಕ್ಯಾನಿಕ್ ಒಬ್ಬರು ಪಿ.ಬಿ. ರಸ್ತೆಯಲ್ಲಿದ್ದಾರೆ. ಮೀಸೆ ಇನ್ನೂ ಹಾಗೇ ಇದೆ. ನಾನೂ ಕೇಳಲು ಹೋಗಿಲ್ಲ. ಆದರೆ ಹೋದ ವಾರ ಅವರೇ ತಮ್ಮ ಗಿರಾಕಿಯೊಬ್ಬರನ್ನು ನನ್ನ ಅಂಗಡಿಗೆ ಕಳಿಸಿದ್ದರು, ವೈರಿಂಗ್ ಹೇಗೆ ಮಾಡಿದ್ದಾನೆ ನೋಡಿಕೊಂಡು ಬಾ ಅಂತ. ನನಗೆ ಅಷ್ಟು ಸಾಕು.

ದಾವಣಗೆರೆಯಲ್ಲಿ ನನ್ನದು ಮೋಟಾರ್ ರೀವೈಂಡಿಂಗ್ ಅಂಗಡಿ. ಬೋರ್‌ವೆಲ್ ಮೋಟಾರ್ ಸುಟ್ಟರೆ ನನ್ನ ಹತ್ತಿರ ಬರುತ್ತವೆ. ಕಾರು ರಿಪೇರಿ ನನ್ನ ಕಸುಬಲ್ಲ. ಆದರೆ ಆನಗೋಡಿನ ಆಚೆ ನಾಲ್ಕೆಕರೆ ಎರೆ ಹೊಲ ಇದೆ, ಮೆಕ್ಕೆಜೋಳ ಹಾಕುತ್ತೇವೆ. ಮಳೆ ಬಿದ್ದರೆ ಮೂರು ದಿನ ಅಲ್ಲಿಗೆ ಬೈಕೂ ಹೋಗಲ್ಲ, ಕಾರೂ ಹೋಗಲ್ಲ. ಎರೆಮಣ್ಣು ಅಂಟಿ ಅಂಟಿ ಮಡ್‌ಗಾರ್ಡ್ ತುಂಬಿ ಚಕ್ರವೇ ತಿರುಗದ ಹಾಗಾಗುತ್ತದೆ. ಅದಕ್ಕೇ 2019ರಲ್ಲಿ ಜಿಪ್ಸಿ ಹುಡುಕಿದ್ದು. 1997ರ ಮಾಡೆಲ್, ಕಾರ್ಬುರೇಟರ್ ಇರುವ ಜಿಪ್ಸಿ ಕಿಂಗ್, ಸಾಫ್ಟ್ ಟಾಪ್. ಚಳ್ಳಕೆರೆ ಕಡೆಯ ಗಾಡಿ. 1 ಲಕ್ಷ 35 ಸಾವಿರ ಕೊಟ್ಟೆ. ಚಾಸಿಯಲ್ಲಿ ತುಕ್ಕಿಲ್ಲ. ಬಯಲುಸೀಮೆಯ ಗಾಡಿಗಳ ದೊಡ್ಡ ಗುಣ ಅದೇ, ಕರಾವಳಿಯಿಂದ ಜಿಪ್ಸಿ ತಂದವರನ್ನು ಕೇಳಿ. ನಾಲ್ಕೂ ಚಕ್ರಕ್ಕೆ ಎಳೆತ ಕೊಡುವ 4x4 ಲಿವರ್ ಸಲೀಸಾಗಿ ಬೀಳುತ್ತಿತ್ತು, ಮುಂದಿನ ಹಬ್ ಎರಡೂ ಲಾಕ್ ಆಗುತ್ತಿದ್ದವು. ಇಂಜಿನ್ ಒಂದು ಮಾತ್ರ ಎದ್ದುಹೋಗಿತ್ತು.

ಮೊದಲು ಎಲ್ಲರೂ ಮಾಡುವ ಹಾಗೆ ಹಳೇ ಇಂಜಿನ್ನನ್ನೇ ಕಟ್ಟಿಸಿದೆ. ಬೋರ್, ಪಿಸ್ಟನ್ ಸೆಟ್, ಹೆಡ್ ಫೇಸಿಂಗ್, ವಾಲ್ವ್ ಸೀಟು, ಎಲ್ಲ ಸೇರಿ 38 ಸಾವಿರ. ಅದು ಓಡಿದ್ದು ಸುಮಾರು 900 ಕಿಲೋಮೀಟರ್. ಅಂದರೆ ಪೆಟ್ರೋಲ್ ಬಿಟ್ಟು ಕಿಲೋಮೀಟರಿಗೆ 42 ರೂಪಾಯಿ. ಹರಿಹರದ ಹತ್ತಿರ ಟೆಂಪರೇಚರ್ ಮುಳ್ಳು ಏರಿತು. ಆಯಿಲ್ ಮುಚ್ಚಳ ತೆಗೆದು ನೋಡಿದರೆ ಒಳಗೆ ಕಡೆದ ಮಜ್ಜಿಗೆ, ಅಂದರೆ ಆಯಿಲಿಗೆ ನೀರು ಸೇರಿತ್ತು. ಬಿಚ್ಚಿಸಿದಾಗ ಎರಡನೇ ಮತ್ತು ಮೂರನೇ ಸಿಲಿಂಡರ್ ನಡುವೆ ಕೂದಲೆಳೆಯಷ್ಟು ಬಿರುಕು. ಅದು ಮೊದಲೇ ಇತ್ತು, ಯಾರೂ ನೋಡಿರಲಿಲ್ಲ. ನೋಡಿಯೂ ಹೇಳಲಿಲ್ಲವೋ ಏನೋ. ಕಟ್ಟಿದವರ ಹೆಸರು ಬೇಡ, ಈಗಲೂ ಎದುರಿಗೆ ಸಿಕ್ಕರೆ ನಮಸ್ಕಾರ ಹೇಳಿಕೊಳ್ಳುತ್ತೇವೆ.

ಆಮೇಲೆ ಒಂದು ವರ್ಷ ಗಾಡಿ ಶೆಡ್ಡಿನಲ್ಲಿ ಕೋಳಿ ಕೂರುವ ಜಾಗ ಆಗಿತ್ತು.

ಎಸ್ಟೀಮ್ ಇಂಜಿನ್ ಯಾಕೆ ಅಂತ ಬಹಳ ಜನ ಕೇಳುತ್ತಾರೆ. 2000ದ ನಂತರದ ಜಿಪ್ಸಿಯಲ್ಲಿ ಕಂಪನಿಯೇ 16 ವಾಲ್ವಿನ ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರ್ ಇರುವ) 1.3 ಲೀಟರ್ ಇಂಜಿನ್ ಕೊಟ್ಟಿತ್ತು. ಅದೇ ಸಿಕ್ಕರೆ ಇನ್ನೂ ಸುಲಭ. ಆದರೆ ಸಿಗಲ್ಲ, ಸಿಕ್ಕರೆ ಬೆಲೆ ಕೇಳಿ ವಾಪಸ್ ಬರಬೇಕು. ಎಸ್ಟೀಮಿನದೂ ಅದೇ ಜಿ13 ಇಂಜಿನ್ ಕುಟುಂಬ. ಗೇರ್‌ಬಾಕ್ಸನ್ನು ಇಂಜಿನ್ನಿಗೆ ಸೇರಿಸುವ ಬೆಲ್ ಹೌಸಿಂಗಿನ ಬೋಲ್ಟುಗಳು ಕೂರುತ್ತವೆ. ಹಳೇ ಕಾರ್ಬುರೇಟರ್ ಇಂಜಿನ್ 60 ಹಾರ್ಸ್‌ಪವರ್, ಎಂಪಿಎಫ್‌ಐ ಎಸ್ಟೀಮಿನದು 85. ಎಸ್ಟೀಮ್ 2007ರ ತನಕ ತಯಾರಾಗಿದೆ, ಈಗ ಯಾರಿಗೂ ಬೇಡ, ಗುಜರಿಗೆ ಹೋಗುತ್ತಿವೆ. ಡೀಸೆಲ್ ಹಾಕು ಅಂದವರೂ ಇದ್ದರು. ಆ ಭಾರ ಮುಂದಿನ ಪಟ್ಟಿ ಸ್ಪ್ರಿಂಗಿಗೆ ಬೇಡ ಅನಿಸಿತು, ಮೇಲೆ ಆರ್‌ಸಿಯಲ್ಲಿ ಇಂಧನವೂ ಬದಲಾಗಬೇಕು.

ಮೊದಲ ಎಸ್ಟೀಮ್ ಇಂಜಿನ್ ತಂದಿದ್ದು ಬೆಂಗಳೂರಿನ ಶಿವಾಜಿನಗರದಿಂದ, 22 ಸಾವಿರಕ್ಕೆ. ಅಂಗಡಿಯವನು ಸ್ಪಾರ್ಕ್ ಪ್ಲಗ್ ಬಿಚ್ಚಿ ಕೈಯಲ್ಲಿ ತಿರುಗಿಸಿ ತೋರಿಸಿದ, "ಬೆಣ್ಣೆ ಸಾರ್" ಅಂದ. ನಾನು ಬೆಣ್ಣೆ ದೋಸೆ ಊರಿನವನು, ನಂಬಿಬಿಟ್ಟೆ. ಮನೆಗೆ ತಂದು ಕಂಪ್ರೆಷನ್ ನೋಡಿದರೆ ಒಂದು ಸಿಲಿಂಡರ್ ಸತ್ತಿತ್ತು, ರಿಂಗ್ ಅಂಟಿಕೊಂಡಿತ್ತು. ಇಸಿಯು (ಇಂಜಿನ್ನಿನ ಕಂಪ್ಯೂಟರ್) ಬೇರೆ ಗಾಡಿಯದು, ಹಾರ್ನೆಸ್ (ವೈರಿನ ಕಟ್ಟು) ಮತ್ತೊಂದು ಗಾಡಿಯದು, ಕನೆಕ್ಟರ್ ಒಂದಕ್ಕೊಂದು ಕೂರುತ್ತಿರಲಿಲ್ಲ. ಕೊನೆಗೆ ಅದನ್ನು 6 ಸಾವಿರಕ್ಕೆ ಇಲ್ಲೇ ಮಾರಿದೆ.

ಎರಡನೇ ಸಲ ಬುದ್ಧಿ ಬಂತು. ಇಂಜಿನ್ ಕೊಳ್ಳಲಿಲ್ಲ, ಇಡೀ ಕಾರನ್ನೇ ಕೊಂಡೆ. ಹಿರಿಯೂರಿನ ಹತ್ತಿರ ಹಿಂದಿನಿಂದ ಲಾರಿ ಗುದ್ದಿದ್ದ ಎಸ್ಟೀಮ್, ಡಿಕ್ಕಿ ಹಿಂದಿನ ಸೀಟಿನವರೆಗೆ ಬಂದಿತ್ತು, ಇಂಜಿನ್ ಮಾತ್ರ ಸ್ಟಾರ್ಟ್ ಆಗುತ್ತಿತ್ತು. 45 ಸಾವಿರ. ಇಂಜಿನ್, ಇಸಿಯು, ಹಾರ್ನೆಸ್, ಪೆಟ್ರೋಲ್ ಪಂಪ್, ಸೆನ್ಸರ್, ಕೀಲಿ ಎಲ್ಲ ಒಂದೇ ಗಾಡಿಯದು. ಮುಂದಿನ ಬಾಗಿಲು, ಗ್ಲಾಸು, ಚಕ್ರ, ಸ್ಟೀರಿಂಗ್, ಗೇರ್‌ಬಾಕ್ಸ್, ಕೊನೆಗೆ ಬಾಡಿಯ ತಗಡು, ಎಲ್ಲ ಬಿಡಿಬಿಡಿಯಾಗಿ ಮಾರಿದೆ. 27 ಸಾವಿರ ವಾಪಸ್ ಬಂತು. ಅಲ್ಲಿಗೆ ಓಡುವ ಇಂಜಿನ್ ನನಗೆ ಬಿದ್ದಿದ್ದು 18 ಸಾವಿರಕ್ಕೆ. ಬಾಡಿ ತುಂಡು ಮಾಡುವ ಮುಂಚೆ ಅದರ ಆರ್‌ಸಿ ರದ್ದು ಮಾಡಿಸುವ ಕೆಲಸ ಮುಗಿಸಿಕೊಳ್ಳಿ.

ಕೂರಿಸುವ ಕೆಲಸ ನೀವಂದುಕೊಂಡಷ್ಟು ಕಷ್ಟ ಇಲ್ಲ. ಜಿಪ್ಸಿಯಲ್ಲಿ ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ, ಬೇರೆಯೇ ಕೂತಿದೆ, ಹಾಗಾಗಿ ಹಿಂದಿನದೇನನ್ನೂ ಮುಟ್ಟಲಿಲ್ಲ. ಹಳೇ ಇಂಜಿನ್ನಿನ ಸಂಪ್ (ತಳದ ಆಯಿಲ್ ತಟ್ಟೆ), ಅದರಿಂದ ಆಯಿಲ್ ಎಳೆಯುವ ಪಿಕಪ್ ಪೈಪು, ಫ್ಲೈವೀಲ್, ಮೌಂಟಿಂಗ್ ಬ್ರಾಕೆಟ್ ಎಲ್ಲ ಹೊಸದಕ್ಕೆ ಬಂದವು. ಹಳೇ ಇಂಜಿನ್ ಗುಜರಿಗೆ ಹಾಕುವ ಅವಸರ ಬೇಡ ಅನ್ನುವುದು ಇದಕ್ಕೇ. ಬೆಲ್ಟು, ಟೆನ್ಷನರ್, ವಾಟರ್ ಪಂಪ್, ಹಿಂದಿನ ಆಯಿಲ್ ಸೀಲ್ ನೆಲದ ಮೇಲಿರುವಾಗಲೇ ಬದಲಿಸಿದೆ. ಹೆಡ್ಡಿನ ಹಿಂಭಾಗಕ್ಕೂ ಫೈರ್‌ವಾಲಿಗೂ ನಡುವೆ ಬೆರಳು ಹೋಗುವಷ್ಟೂ ಜಾಗ ಇರಲಿಲ್ಲ. ಮರದ ತುಂಡು ಇಟ್ಟು ಎಂಟು ಪೌಂಡಿನ ಸುತ್ತಿಗೆಯಿಂದ ಫೈರ್‌ವಾಲಿಗೆ ಒಂದು ಹೊಟ್ಟೆ ತೆಗೆದೆ. ನೋಡೋಕೆ ಚೆನ್ನಾಗಿಲ್ಲ, ಮ್ಯಾಟ್ ಹಾಕಿದರೆ ಕಾಣಲ್ಲ.

ಎರಡು ತಪ್ಪು ಮಾಡಿದೆ. ಪಿಕಪ್ ಪೈಪಿನ ಬಾಯಿಗೆ ಒಂದು ಸಣ್ಣ ಓ-ರಿಂಗ್ ಬರುತ್ತದೆ, ಐದು ರೂಪಾಯಿ ಮಾಲು. ಹಳೆಯದನ್ನೇ ಕೂರಿಸಿದೆ, ಬಿಗಿ ಮಾಡುವಾಗ ಅದು ಮಡಚಿಕೊಂಡಿತು. ಸ್ಟಾರ್ಟ್ ಮಾಡಿದರೆ ಆಯಿಲ್ ದೀಪ ಆರಲೇ ಇಲ್ಲ. ಪಂಪು ಆಯಿಲ್ ಬದಲು ಗಾಳಿ ಎಳೆಯುತ್ತಿತ್ತು. ತಕ್ಷಣ ಆಫ್ ಮಾಡಿದ್ದಕ್ಕೆ ಬೇರಿಂಗ್ ಉಳಿಯಿತು. ಇನ್ನೊಂದು, ಗೇರ್‌ಬಾಕ್ಸ್ ಶಾಫ್ಟಿನ ತುದಿ ಕೂರುವ ಪೈಲಟ್ ಬೇರಿಂಗ್. ಎಸ್ಟೀಮ್ ಬಿಚ್ಚಿ ಬಿಚ್ಚಿ ಅದರ ಗೊಡವೆಯೇ ತಲೆಯಿಂದ ಹೋಗಿತ್ತು, ಜಿಪ್ಸಿಯ ಹಳೆಯದನ್ನೇ ಬಿಟ್ಟೆ. ಕ್ಲಚ್ ಒತ್ತಿದರೆ ಬೆಕ್ಕಿನ ಬಾಲ ತುಳಿದಂಥ ಸದ್ದು. ಮತ್ತೆ ಗೇರ್‌ಬಾಕ್ಸ್ ಇಳಿಸಿದೆವು. 150 ರೂಪಾಯಿ ಬೇರಿಂಗಿಗೆ ಒಂದೂವರೆ ದಿನ.

ಈಗ ವೈರಿಂಗ್. ಇಲ್ಲಿ ನನ್ನ ಸೊಕ್ಕು ಮುರಿಯಿತು. ಇಪ್ಪತ್ತೆರಡು ವರ್ಷ ತಾಮ್ರದ ತಂತಿ ಸುತ್ತಿದವನು ನಾನು, ಕಾರಿನ ವೈರಿಂಗ್ ಏನು ಮಹಾ ಅಂದುಕೊಂಡಿದ್ದೆ. ಎಸ್ಟೀಮ್ ಹಾರ್ನೆಸ್ ಜಿಪ್ಸಿಯ ಬಾನೆಟ್ಟಿಗೆ ಕೆಲವು ಕಡೆ ಮೋಟಾಯಿತು. ಉದ್ದ ಮಾಡಲು ಅಂಗಡಿಯಲ್ಲಿದ್ದ ವೈಂಡಿಂಗ್ ವೈರನ್ನೇ ಹಾಕಿದೆ. ಒಳ್ಳೇ ತಾಮ್ರ, ಮೇಲೆ ಸ್ಲೀವ್, ಬೆಸುಗೆ ನೀಟಾಗಿ. ಸ್ಟಾರ್ಟ್ ಆಯಿತು. ಮನೆಯವರೆಲ್ಲ ಬಂದು ನೋಡಿದರು, ನಾನು ಮಂಡಕ್ಕಿ ಮಿರ್ಚಿ ಕೊಡಿಸಿದೆ. ಹದಿನೈದು ದಿನಕ್ಕೆ ಭರಮಸಾಗರದ ಹತ್ತಿರ ಹೈವೇಯಲ್ಲಿ, ರಾತ್ರಿ ಒಂಬತ್ತೂವರೆಗೆ, ಸ್ವಿಚ್ ಆಫ್ ಮಾಡಿದ ಹಾಗೆ ಇಂಜಿನ್ ನಿಂತುಹೋಯಿತು.

ಮೊಬೈಲ್ ಬೆಳಕಿನಲ್ಲಿ ಒಂದೊಂದೇ ಸ್ಲೀವ್ ಹಿಸುಕಿ ನೋಡುತ್ತಾ ಹೋದೆ. ಕ್ಯಾಮ್ ಸೆನ್ಸರಿಗೆ ಹೋಗುವ ತಂತಿ ಬೆಸುಗೆಯಿಂದ ಅರ್ಧ ಇಂಚು ಆಚೆ ಒಳಗೇ ತುಂಡಾಗಿತ್ತು. ಹೊರಗೆ ಏನೂ ಕಾಣಲ್ಲ. ವೈಂಡಿಂಗ್ ವೈರ್ ಒಂಟಿ ಎಳೆ. ಮೋಟಾರಿನೊಳಗೆ ವಾರ್ನಿಷ್ ಹಿಡಿದು ಅಲ್ಲಾಡದೆ ಕೂರುತ್ತದೆ, ಅದಕ್ಕೇ ಬಾಳುತ್ತದೆ. ಜಿಪ್ಸಿ ಬಾನೆಟ್ಟಿನಲ್ಲಿ ಅಲ್ಲಾಡದೆ ಇರುವುದು ಯಾವುದಿದೆ ಹೇಳಿ? ಅಲ್ಲಾಡಿ ಅಲ್ಲಾಡಿ ತಾಮ್ರ ಗಡುಸಾಗಿ ಪಟ್ ಅಂದಿದೆ. ಮರುದಿನವೇ ಎಲ್ಲ ಕಿತ್ತು ಹಲವು ಎಳೆಯ ಆಟೋ ವೈರ್ ಹಾಕಿದೆ. ಇಂಜಿನ್ನಿಂದ ಚಾಸಿಗೆ ಎರಡು ದಪ್ಪ ಅರ್ಥ್ ಕೊಟ್ಟೆ. ನನ್ನ ಕಸುಬಿನಿಂದ ಉಳಿಸಿಕೊಂಡಿದ್ದು ಒಂದೇ, ವಾರ್ನಿಷ್. ಪ್ರತಿ ಜೋಡಣೆಗೂ ಮೋಟಾರ್ ವಾರ್ನಿಷ್ ಹಚ್ಚಿ, ಫೈಬರ್ ಸ್ಲೀವ್ ಏರಿಸಿ, ಮೇಲೆ ಮತ್ತೊಂದು ಕೈ. ಎರಡು ಮಳೆಗಾಲ ಆಯಿತು, ನೀರು ಹೋಗಿಲ್ಲ. "ಕಂಪ್ಯೂಟರ್ ಇಂಜಿನ್ ಮಳ್ಯಾಗೆ ನಿಂತ್ಕಂತೈತಿ" ಎಂದವರಿಗೆ ಇದು ಉತ್ತರ.

ಪೆಟ್ರೋಲ್ ಲೈನ್ ಕೂಡ ಸುಮ್ನೆ ಬಿಡಲಿಲ್ಲ. ಕಾರ್ಬುರೇಟರ್ ಗಾಡಿಯ ಟ್ಯಾಂಕಿನಲ್ಲಿ ಎಲೆಕ್ಟ್ರಿಕ್ ಪಂಪಿಗೆ ಜಾಗ ಇಲ್ಲ, ಇಂಜೆಕ್ಟರಿಗೆ ಸುಮಾರು 3 ಬಾರ್ ಒತ್ತಡ ಬೇಕು. ಚಾಸಿ ಪಕ್ಕದಲ್ಲಿ ಹೊರಗಿನ ಪಂಪ್ ಹಾಕಿದೆ. ಊರೊಳಗೆ ಚೆನ್ನಾಗಿತ್ತು. ಬಾತಿ ಗುಡ್ಡದ ಕಡೆ ಏರಿನಲ್ಲಿ, ಟ್ಯಾಂಕ್ ಕಾಲು ಭಾಗ ಇದ್ದಾಗ, ಉಸಿರು ಕಟ್ಟಿದ ಹಾಗೆ ಕೆಮ್ಮಿತು. ಪೆಟ್ರೋಲ್ ಹಿಂದಕ್ಕೆ ಸರಿದು ಪಂಪು ಗಾಳಿ ಕುಡಿಯುತ್ತಿತ್ತು. ಲೇತ್‌ನಲ್ಲಿ ಒಂದೂವರೆ ಲೀಟರಿನ ಸಣ್ಣ ಟ್ಯಾಂಕ್ ಮಾಡಿಸಿದೆ. ದೊಡ್ಡ ಟ್ಯಾಂಕಿನಿಂದ ಸಣ್ಣ ಪಂಪ್ ಇದನ್ನು ತುಂಬುತ್ತದೆ, ಇಲ್ಲಿಂದ ದೊಡ್ಡ ಪಂಪ್ ಇಂಜಿನ್ನಿಗೆ ಕೊಡುತ್ತದೆ, ಉಳಿದದ್ದು ರಿಟರ್ನ್. ಮೊದಲ ಸಲ ವೆಲ್ಡಿಂಗ್ ಸೋರಿತು, ಎರಡನೇ ಸಲ ಸರಿಹೋಯಿತು. ಈಗ ಬರುವ ಇ20 (ಶೇಕಡಾ 20 ಎಥನಾಲ್ ಬೆರೆಸಿದ) ಪೆಟ್ರೋಲಿಗೆ ಹಳೇ ರಬ್ಬರ್ ಹೋಸ್ ಊದಿಕೊಳ್ಳುತ್ತವೆ. ಎಲ್ಲ ಕಿತ್ತು ಇಂಜೆಕ್ಷನ್ ಹೋಸ್ ಹಾಕಿ, ಇದರಲ್ಲಿ ಜಿಪುಣತನ ಬೇಡ. ಬೆಂಕಿಯ ವಿಷಯ.

ಇನ್ನೊಂದು ಕಾಟ. ಸಿಗ್ನಲ್ ಹತ್ತಿರ ನಿಧಾನ ಮಾಡಿದರೆ ಇಂಜಿನ್ ಆಫ್ ಆಗಿಬಿಡುತ್ತಿತ್ತು. ಐಡಲ್ ವಾಲ್ವ್ ಮೂರು ಸಲ ತೊಳೆದೆ, ಥ್ರಾಟಲ್ ಬಾಡಿ ತೊಳೆದೆ. ಸ್ಕ್ಯಾನರ್ ಹಾಕಿಸಿದ ಮೇಲೆ ಗೊತ್ತಾಯಿತು, ಇಸಿಯುಗೆ ಸ್ಪೀಡ್ ಸೆನ್ಸರ್ ಬೇಕು, ಜಿಪ್ಸಿಯಲ್ಲಿ ಇರುವುದು ಬರೀ ಕೇಬಲ್. ಗಾಡಿ ಓಡುತ್ತಿದೆಯೋ ನಿಂತಿದೆಯೋ ಅದಕ್ಕೆ ತಿಳಿಯುತ್ತಿರಲಿಲ್ಲ. ಮ್ಯಾಗ್ನೆಟ್ ಹತ್ತಿರ ಬಂದರೆ ಆನ್ ಆಗುವ ಒಂದು ರೀಡ್ ಸ್ವಿಚ್, ಕೆಲವು ಮ್ಯಾಗ್ನೆಟ್, 80 ರೂಪಾಯಿಯಲ್ಲಿ ಕೆಲಸ ಮುಗಿಯಿತು. ಮ್ಯಾಗ್ನೆಟ್ ಎಷ್ಟು, ಎಲ್ಲಿ ಕೂರಿಸಿದೆ ಅನ್ನುವುದನ್ನು ಬರೆಯಲ್ಲ. ಎರಡು ತಿಂಗಳು ನಿದ್ದೆಗೆಟ್ಟು ಹುಡುಕಿದ್ದು, ಸ್ವಲ್ಪ ನೀವೂ ಒದ್ದಾಡಿ. ಸುಳಿವು ಬೇಕಿದ್ದರೆ, ಪ್ರೊಪೆಲ್ಲರ್ ಶಾಫ್ಟಿನ ಮೇಲೆ ಅಂತೂ ಬೇಡ, ಎರೆಮಣ್ಣು ಒಂದೇ ವಾರದಲ್ಲಿ ನುಂಗುತ್ತದೆ.

ಫ್ಯಾನಿನ ಮೇಲೂ ಸ್ವಲ್ಪ ಆಟ ಆಡಿದೆ. ಎಸ್ಟೀಮಿನ ಎಲೆಕ್ಟ್ರಿಕ್ ಫ್ಯಾನ್ ಮೋಟಾರನ್ನು ನಾನೇ ಬಿಚ್ಚಿ ದಪ್ಪ ತಂತಿಯಿಂದ ಮರುಸುತ್ತಿದೆ, ಗಾಳಿ ಜಾಸ್ತಿ ಬರಲಿ ಅಂತ. ಬಂತು, ನಿಜ. ಕರೆಂಟೂ ಅಷ್ಟೇ ಜಾಸ್ತಿ ಎಳೆದು ಎರಡು ರಿಲೇ ಸುಟ್ಟಿತು. ಬುದ್ಧಿ ಇದ್ದವನ ಹಾಗೆ ಮೊದಲಿನ ಸುತ್ತಿಗೇ ವಾಪಸ್ ಬಂದೆ. ತಾಮ್ರದ ರೇಡಿಯೇಟರಿಗೆ ಒಂದು ಸಾಲು ಹೆಚ್ಚಿಗೆ ಕಟ್ಟಿಸಿದ್ದೇ ನಿಜವಾದ ಪರಿಹಾರ, 6,500 ಆಯಿತು. ಈಗ ಏಪ್ರಿಲ್ ಬಿಸಿಲಲ್ಲಿ ಲೋ ಗೇರಿನಲ್ಲಿ ಹೊಲ ಸುತ್ತಿದರೂ ಮುಳ್ಳು ಅರ್ಧ ದಾಟಲ್ಲ.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಕೆಟ್ಟ ಇಂಜಿನ್ನಿನ ನಷ್ಟ 16 ಸಾವಿರ, ಎಸ್ಟೀಮ್ 18, ಲೇತ್ ಮತ್ತು ವೆಲ್ಡಿಂಗ್ 9, ಕ್ಲಚ್ ಪ್ಲೇಟು ಪ್ರೆಷರ್ ಪ್ಲೇಟು ಐದೂವರೆ, ರೇಡಿಯೇಟರ್ ಆರೂವರೆ, ಪಂಪು ಹೋಸು ಐದೂವರೆ, ವೈರು ರಿಲೇ 4. ಸಣ್ಣಪುಟ್ಟದ್ದು ಸೇರಿ 70 ಸಾವಿರದೊಳಗೆ. ಗ್ಯಾರೇಜಿನವರು ಕೇಳಿದ್ದು 1 ಲಕ್ಷ 40 ಸಾವಿರ, ಅದೂ ಗ್ಯಾರಂಟಿ ಇಲ್ಲದೆ. ನನ್ನ ಕೂಲಿ ಹಾಕಿಲ್ಲ. ಹಾಕಿದರೆ, ಇದು ಲಾಭದ ಕೆಲಸ ಅಲ್ಲ ಅನ್ನುವ ನನ್ನ ಹೆಂಡತಿಯೇ ಸರಿ ಅನ್ನಬೇಕಾಗುತ್ತದೆ.

ಕಾಗದದ ಕೆಲಸ ಇಂಜಿನ್ ಇಳಿಸುವ ಮುಂಚೆ ಶುರು ಮಾಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇರುವುದೇ ಗಾಡಿಯಲ್ಲಿ ಇಂಥ ಬದಲಾವಣೆ ಮಾಡುವುದರ ಬಗ್ಗೆ. ಒಂದೇ ಕಂಪನಿ, ಒಂದೇ ಇಂಧನ ಆಗಿದ್ದು ನನಗೆ ಅನುಕೂಲ ಆಯಿತು. ಎಸ್ಟೀಮ್ ಕೊಂಡ ರಸೀದಿ, ಅದರ ಇಂಜಿನ್ ನಂಬರ್ ಉಜ್ಜಿದ ಕಾಗದ ಇಟ್ಟುಕೊಂಡಿದ್ದೆ. ಆದರೂ ಆರ್‌ಟಿಒದವರು ನಾಲ್ಕು ಸಲ ತಿರುಗಿಸಿದರು. ಹದಿನೈದು ವರ್ಷ ದಾಟಿದ ಕಾರಿನ ರಿನ್ಯೂವಲ್ ಶುಲ್ಕ 2022ರ ಏಪ್ರಿಲ್‌ನಿಂದ ಒಮ್ಮೆಲೇ 5 ಸಾವಿರಕ್ಕೆ ಏರಿತ್ತು, ಅದೂ ಸೇರಿಕೊಂಡಿತು.

ಓಡೋದು ಹೇಗಿದೆ ಅಂದರೆ, ಮೊದಲು ಲೀಟರಿಗೆ 9 ಕೊಡುತ್ತಿದ್ದದ್ದು ಈಗ 11, ಹೈವೇಯಲ್ಲಿ ಹನ್ನೆರಡರ ಹತ್ತಿರ. ಚಿತ್ರದುರ್ಗಕ್ಕೆ ತೊಂಬತ್ತರಲ್ಲಿ ಹೋಗಬಹುದು, ಅದಕ್ಕಿಂತ ಜಾಸ್ತಿ ಹೋದರೆ ಇಂಜಿನ್ ಸುಸ್ತಾಗಲ್ಲ, ಕೂತವರ ಸೊಂಟ ಸುಸ್ತಾಗುತ್ತದೆ. ಪಟ್ಟಿ ಸ್ಪ್ರಿಂಗ್ ಪಟ್ಟಿ ಸ್ಪ್ರಿಂಗೇ. ಹೋದ ಅಕ್ಟೋಬರಿನಲ್ಲಿ ಪಕ್ಕದ ಹೊಲದವರ ಪಿಕಪ್ ಜೋಳದ ಚೀಲ ತುಂಬಿಕೊಂಡು ಅಚ್ಚಿನವರೆಗೆ ಹೂತಿತ್ತು. ಹಗ್ಗ ಕಟ್ಟಿ ಲೋ ಸೆಕೆಂಡಿನಲ್ಲಿ ಎಳೆದೆ. ಎರಡನೇ ಎಳೆತಕ್ಕೆ ಬಂತು.

ಆ ದಿನವೇ ಎರಡನೇ ಗೇರ್ ನಯವಾಗಿ ಬೀಳುವಂತೆ ಮಾಡುವ ಸಿಂಕ್ರೊ ಕಿರಗುಟ್ಟಲು ಶುರುವಾಗಿದ್ದು. 60 ಹಾರ್ಸ್‌ಪವರಿಗೆ ಮಾಡಿದ ಗೇರ್‌ಬಾಕ್ಸಿಗೆ 85 ಕೊಟ್ಟರೆ ಅದೂ ಏನು ಮಾಡೀತು. ಚಳಿಗೆ ಬೆಳಗ್ಗೆ ಎರಡು ಸಲ ಕ್ಲಚ್ ಒತ್ತಿ ಹಾಕುತ್ತಿದ್ದೇನೆ. ದೀಪಾವಳಿ ಕಳೆದ ಮೇಲೆ ಬಿಚ್ಚಬೇಕು. ನಿಮ್ಮಲ್ಲಿ ಯಾರ ಹತ್ತಿರವಾದರೂ ಕಿಂಗ್ ಗೇರ್‌ಬಾಕ್ಸ್ ಬಿಡಿಭಾಗ ಇದ್ದರೆ ಗುಜರಿಗೆ ಹಾಕುವ ಮುಂಚೆ ನನಗೊಂದು ಮಾತು ಹೇಳಿ. ಬೆಲೆ ಮಾತ್ರ ಬೆಂಗಳೂರಿನದು ಹೇಳಬೇಡಿ.